ಗಾಸ್‌ನಿಂದ ಟೆಸ್ಲಾಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕಾಲೇಜೊಂದರ ಭೌತವಿಜ್ಞಾನದ ಲ್ಯಾಬಿನಲ್ಲಿ ನನ್ನ ಕೆಲಸ, ಮನೆ ಮಂಡ್ಯದಲ್ಲಿ. ಹಾಗಾಗಿ ಪ್ರಶ್ನೆಗಳು ಎರಡೂ ಊರಿನಿಂದ ಬರುತ್ತವೆ. ಬೆಳಿಗ್ಗೆ ವಿದ್ಯಾರ್ಥಿಗಳು ರೆಕಾರ್ಡ್ ಪುಸ್ತಕ ಹಿಡಿದು ಕೇಳುತ್ತಾರೆ. ಸಂಜೆ ಊರಿಗೆ ಬಂದರೆ ಮೋಟಾರ್ ವೈಂಡಿಂಗ್ ಅಂಗಡಿಯವರು, ಅಕ್ಕಿ ಗಿರಣಿಯವರು, ನೆಂಟರು. ಕಾಂತಕ್ಷೇತ್ರದ ಮಾನಗಳ ಬಗ್ಗೆ ಇವರೆಲ್ಲ ಹೆಚ್ಚಾಗಿ ಕೇಳಿದವನ್ನು, ಅವರು ಕೇಳಿದ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಪಠ್ಯಪುಸ್ತಕ ‘ಕಾಂತೀಯ ಅಭಿವಾಹ ಸಾಂದ್ರತೆ’ ಅನ್ನುವುದನ್ನು ಲ್ಯಾಬಿನಲ್ಲೂ ಅಂಗಡಿಯಲ್ಲೂ ಎಲ್ಲರೂ ಫ್ಲಕ್ಸ್ ಡೆನ್ಸಿಟಿ ಅಂತಲೇ ಕರೆಯುವುದು. ಇಲ್ಲೂ ಹಾಗೇ ಇರಲಿ. ಗಾಸ್ ಅದರ ಹಳೆಯ ಮಾನ, ಟೆಸ್ಲಾ ಹೊಸದು.

## ಮೊದಲ ಹೆಜ್ಜೆ

ಸಾರ್, ಒಂದು ಟೆಸ್ಲಾ ಅಂದ್ರೆ ಎಷ್ಟು ಗಾಸ್? ಅಷ್ಟು ಹೇಳಿ ಸಾಕು.

10,000 ಗಾಸ್. ಗಾಸ್ ಕೊಟ್ಟಿದ್ದರೆ ದಶಮಾಂಶದ ಚುಕ್ಕಿಯನ್ನು ನಾಲ್ಕು ಸ್ಥಾನ ಎಡಕ್ಕೆ ಸರಿಸಿ, ಟೆಸ್ಲಾ ಸಿಗುತ್ತದೆ. ಟೆಸ್ಲಾ ಕೊಟ್ಟಿದ್ದರೆ ನಾಲ್ಕು ಸ್ಥಾನ ಬಲಕ್ಕೆ. 3,500 ಗಾಸ್ ಅಂದರೆ 0.35 ಟೆಸ್ಲಾ. 0.02 ಟೆಸ್ಲಾ ಅಂದರೆ 200 ಗಾಸ್.

ಚಿಕ್ಕ ಅಳತೆಗಳಿಗೆ ಇನ್ನೆರಡು ನೆನಪಿಡಿ: ಒಂದು ಮಿಲಿಟೆಸ್ಲಾ ಅಂದರೆ 10 ಗಾಸ್, ಒಂದು ಗಾಸ್ ಅಂದರೆ 100 ಮೈಕ್ರೊಟೆಸ್ಲಾ. ದಿನನಿತ್ಯ ಕೈಗೆ ಬರುವ ಮೀಟರುಗಳು ಹೆಚ್ಚಾಗಿ ಈ ಎರಡರೊಳಗೆ ಬರುತ್ತವೆ.

ಅದ್ಯಾಕೆ ಸರಿಯಾಗಿ ಹತ್ತು ಸಾವಿರ? ಎಲ್ಲಿಂದ ಬಂತು ಈ ಸಂಖ್ಯೆ?

ಗದ್ದೆಯ ನಾಟಿಯನ್ನು ಕಣ್ಣಿಗೆ ತಂದುಕೊಳ್ಳಿ. ಗದ್ದೆಯಲ್ಲಿರುವ ಒಟ್ಟು ಪೈರು ಬೇರೆ, ಪೈರು ಎಷ್ಟು ಒತ್ತಾಗಿದೆ ಅನ್ನುವುದು ಬೇರೆ. ಒಟ್ಟು ಪೈರಿನ ಜಾಗದಲ್ಲಿ ಫ್ಲಕ್ಸ್ ಇದೆ, ಒತ್ತಿನ ಜಾಗದಲ್ಲಿ ಫ್ಲಕ್ಸ್ ಡೆನ್ಸಿಟಿ.

ಹಳೆಯ ಪದ್ಧತಿಯಲ್ಲಿ ಫ್ಲಕ್ಸಿನ ಮಾನ ಮ್ಯಾಕ್ಸ್‌ವೆಲ್, ಹೊಸದರಲ್ಲಿ ವೆಬರ್. ಒಂದು ವೆಬರ್ ಅಂದರೆ ಹತ್ತು ಕೋಟಿ ಮ್ಯಾಕ್ಸ್‌ವೆಲ್. ಒಂದು ಚದರ ಸೆಂಟಿಮೀಟರಿಗೆ ಒಂದು ಮ್ಯಾಕ್ಸ್‌ವೆಲ್ ಇದ್ದರೆ ಅದು ಒಂದು ಗಾಸ್. ಒಂದು ಚದರ ಮೀಟರಿಗೆ ಒಂದು ವೆಬರ್ ಇದ್ದರೆ ಒಂದು ಟೆಸ್ಲಾ. ಚದರ ಮೀಟರಿನಲ್ಲಿ 10,000 ಚದರ ಸೆಂಟಿಮೀಟರ್ ಇವೆ. ಹತ್ತು ಕೋಟಿಯನ್ನು ಹತ್ತು ಸಾವಿರದಿಂದ ಭಾಗಿಸಿ, ಮತ್ತೆ ಹತ್ತು ಸಾವಿರವೇ ಬರುತ್ತದೆ. ಪರೀಕ್ಷೆಯಲ್ಲಿ ಮರೆತುಹೋದರೂ ಇಷ್ಟು ನೆನಪಿದ್ದರೆ ಹಾಳೆಯ ಮೂಲೆಯಲ್ಲಿ ಮಾಡಿಕೊಳ್ಳಬಹುದು.

ಮ್ಯಾಕ್ಸ್‌ವೆಲ್, ಲೈನ್, ವೆಬರ್ ಇವನ್ನೂ ಟೆಸ್ಲಾ ಮಾಡಬಹುದಾ?

ನೇರವಾಗಿ ಆಗುವುದಿಲ್ಲ. ಈ ಮೂರೂ ಒಟ್ಟು ಫ್ಲಕ್ಸಿನ ಮಾನಗಳು. ಎಷ್ಟು ವಿಸ್ತೀರ್ಣದ ಮೇಲೆ ಹರಡಿದೆ ಎಂದು ಗೊತ್ತಾದ ಮೇಲೆ ಭಾಗಿಸಬೇಕು. ಹಳೆಯ ಪುಸ್ತಕಗಳ ‘ಲೈನ್’ ಮತ್ತು ಮ್ಯಾಕ್ಸ್‌ವೆಲ್ ಒಂದೇ. ಕಿಲೋಲೈನ್ ಅಂದರೆ ಸಾವಿರ ಲೈನ್.

ಒಂದೇ ವಿಷಯಕ್ಕೆ ಎರಡೆರಡು ಮಾನ ಯಾಕಿಟ್ಟುಕೊಂಡಿದ್ದಾರೆ?

ಒಂದಾದ ಮೇಲೆ ಒಂದು ಬಂದದ್ದು. ಜರ್ಮನಿಯ ಗಾಟಿಂಗೆನ್‌ನಲ್ಲಿ ಗಣಿತಜ್ಞ ಗಾಸ್ ಅವರು 1832ರಲ್ಲಿ ಭೂಮಿಯ ಕಾಂತಬಲವನ್ನು ಉದ್ದ, ದ್ರವ್ಯರಾಶಿ, ಕಾಲ ಈ ಮೂರು ಅಳತೆಗಳಿಂದಲೇ ಲೆಕ್ಕ ಹಾಕಬಹುದೆಂದು ತೋರಿಸಿದರು. ಆ ದಾರಿಯಲ್ಲೇ ಸೆಂಟಿಮೀಟರ್, ಗ್ರಾಂ, ಸೆಕೆಂಡ್ ಪದ್ಧತಿ ಬೆಳೆಯಿತು, ಅದರ ಮಾನಕ್ಕೆ ಅವರ ಹೆಸರು ಬಂತು. ಟೆಸ್ಲಾ ಎಂಬ ಮಾನ ಬಂದದ್ದು 1960ರಲ್ಲಿ, ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯ 11ನೇ ಅಧಿವೇಶನದಲ್ಲಿ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು 1902ರಲ್ಲಿ. ಅಂದರೆ ಅಲ್ಲಿ ಜನರೇಟರ್ ತಿರುಗತೊಡಗಿ 58 ವರ್ಷ ಆದ ಮೇಲೆ ಟೆಸ್ಲಾ ಎಂಬ ಮಾನ ಹುಟ್ಟಿತು. ಅಷ್ಟರೊಳಗೆ ಮೂರು ತಲೆಮಾರಿನ ಪುಸ್ತಕ, ಕೋಷ್ಟಕ, ಮೀಟರುಗಳು ಗಾಸ್‌ನಲ್ಲಿ ಬಂದುಹೋಗಿದ್ದವು. ಅವು ಇನ್ನೂ ನಮ್ಮ ಬೀರುಗಳಲ್ಲಿವೆ, ಕೆಲಸಕ್ಕೂ ಬರುತ್ತಿವೆ.

1930ಕ್ಕಿಂತ ಹಿಂದಿನ ಪುಸ್ತಕ ಸಿಕ್ಕರೆ ಒಂದು ಎಚ್ಚರ ಬೇಕು. ಫ್ಲಕ್ಸ್ ಡೆನ್ಸಿಟಿಗೆ ಗಾಸ್, ಕಾಂತಕ್ಷೇತ್ರದ ತೀವ್ರತೆಗೆ ಓರ್ಸ್ಟೆಡ್ ಎಂದು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ಬೇರ್ಪಡಿಸಿದ್ದು ಆ ವರ್ಷ. ಅದಕ್ಕೂ ಮುಂಚೆ ತೀವ್ರತೆಯನ್ನೂ ಗಾಸ್ ಎಂದೇ ಬರೆಯುತ್ತಿದ್ದರು.

ನನ್ನ ಫೋನಿನ ದಿಕ್ಸೂಚಿ ಆ್ಯಪ್‌ನಲ್ಲಿ 41 ಅಂತ ಬರ್ತಿದೆ. 41 ಗಾಸಾ?

ಅಲ್ಲ, 41 ಮೈಕ್ರೊಟೆಸ್ಲಾ. ಗಾಸ್‌ನಲ್ಲಿ ಹೇಳಿದರೆ 0.41. ನೀವು ಅಳೆದಿರುವುದು ಭೂಮಿಯನ್ನೇ. ಭೂಮಿಯ ಮೇಲ್ಮೈಯಲ್ಲಿ ಈ ಅಂಕಿ ಜಾಗದಿಂದ ಜಾಗಕ್ಕೆ ಸುಮಾರು 25ರಿಂದ 65 ಮೈಕ್ರೊಟೆಸ್ಲಾವರೆಗೆ ಇರುತ್ತದೆ, ಮೈಸೂರು ಮಂಡ್ಯದ ಕಡೆ 40ರ ಆಸುಪಾಸು.

ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ‘ತುಂಬಾ’ ಎಂಬ ಊರನ್ನು ಆರಿಸಿದ್ದೂ ಅದೇ ಕಾರಣಕ್ಕೆ. ನಾವು ಆ ರೇಖೆಗೆ ಹತ್ತಿರ ಇರುವುದರಿಂದ ನಮ್ಮಲ್ಲಿ ಭೂಮಿಯ ಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಮಲಗಿದೆ.

ಬಯಲಲ್ಲಿ ನಿಂತು ಒಮ್ಮೆ ನೋಡಿ, ಆಮೇಲೆ ಸ್ಕೂಟರಿನ ಸೀಟಿನ ಮೇಲೆ ಫೋನಿಟ್ಟು ನೋಡಿ. ಕೆಳಗಿನ ಕಬ್ಬಿಣಕ್ಕೆ ಅಂಕಿ ಹೇಗೆ ಅಲುಗಾಡುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

## ಲ್ಯಾಬಿನಲ್ಲಿ

ಮ್ಯಾನ್ಯುಯಲ್‌ನಲ್ಲಿ ಭೂಮಿಯ ಕ್ಷೇತ್ರ 0.38 × 10⁻⁴ ಟೆಸ್ಲಾ ಅಂತಿದೆ. ನಮ್ಮಣ್ಣನ ಹಳೇ ರೆಕಾರ್ಡಲ್ಲಿ ಬರೀ 0.38 ಇದೆ. ಯಾವುದು ತಪ್ಪು?

ಎರಡೂ ಸರಿ. ಹಳೆಯ ರೆಕಾರ್ಡಿನದು 0.38 ಗಾಸ್. ಆ 10⁻⁴ ಇದೆಯಲ್ಲ, ಅದೇ ಗಾಸ್‌ನಿಂದ ಟೆಸ್ಲಾಗೆ ಮಾಡಿದ ಪರಿವರ್ತನೆ. 3.8 × 10⁻⁵ ಎಂದು ಬರೆಯದೆ 0.38 × 10⁻⁴ ಎಂದು ಬರೆದಿರುವುದರಲ್ಲೇ ಹಳೆಯ ಗಾಸ್ ಅಂಕಿ ಹಾಗೇ ಉಳಿದಿರುವುದು ಕಾಣುತ್ತದೆ. ಇದು ಕ್ಷೇತ್ರದ ಅಡ್ಡ ಘಟಕ ಮಾತ್ರ, ಹಾಗಾಗಿ ಫೋನು ತೋರಿಸುವ ಒಟ್ಟು ಅಂಕಿಗಿಂತ ಒಂಚೂರು ಕಡಿಮೆ.

ಪ್ರತಿ ವರ್ಷ ಹತ್ತಾರು ರೆಕಾರ್ಡುಗಳಲ್ಲಿ ನಾನು ಕೆಂಪು ಗೆರೆ ಎಳೆಯುವುದು ‘0.38 × 10⁻⁴ ಗಾಸ್’ ಎಂದು ಬರೆದ ಕಡೆ. ಹಾಗೆ ಬರೆದರೆ ಭೂಮಿಯ ಕ್ಷೇತ್ರ ಹತ್ತು ಸಾವಿರ ಪಟ್ಟು ಇಳಿದುಹೋಯಿತು.

ಟ್ಯಾನ್ಜೆಂಟ್ ಗ್ಯಾಲ್ವನೋಮೀಟರ್ ಲೆಕ್ಕವನ್ನ ಎರಡೂ ಪದ್ಧತೀಲಿ ಒಂದ್ಸಲ ಮಾಡಿ ತೋರಿಸ್ತೀರಾ ಸಾರ್?

ಈ ಉಪಕರಣದಲ್ಲಿ ತಂತಿಯ ಸುರುಳಿಯ ನಡುವೆ ದಿಕ್ಸೂಚಿಯ ಮುಳ್ಳು ಇರುತ್ತದೆ. ಸುರುಳಿಯಲ್ಲಿ 50 ಸುತ್ತು, ತ್ರಿಜ್ಯ 8 ಸೆಂಟಿಮೀಟರ್, ಮುಳ್ಳು ಸರಿಯಾಗಿ 45 ಡಿಗ್ರಿಗೆ ನಿಂತಾಗ ಕರೆಂಟು 0.097 ಆಂಪಿಯರ್ ಎಂದಿಟ್ಟುಕೊಳ್ಳಿ. 45 ಡಿಗ್ರಿಯಲ್ಲಿ ಸುರುಳಿಯ ಕ್ಷೇತ್ರವೂ ಭೂಮಿಯ ಅಡ್ಡ ಕ್ಷೇತ್ರವೂ ಸಮ.

ಹೊಸ ಪದ್ಧತಿ: 12.566 × 10⁻⁷ × 50 × 0.097 ÷ (2 × 0.08). ಉತ್ತರ 3.81 × 10⁻⁵ ಟೆಸ್ಲಾ.

ಹಳೆಯ ಪದ್ಧತಿ: 2 × 3.1416 × 50 × 0.097 ÷ (10 × 8). ಉತ್ತರ 0.381 ಗಾಸ್. ಕೆಳಗಿನ ಆ 10 ಬರುವುದು ಆಂಪಿಯರನ್ನು ಹಳೆಯ ಪದ್ಧತಿಯ ಕರೆಂಟಿನ ಮಾನಕ್ಕೆ ತರುವುದಕ್ಕೆ.

0.381ನ್ನು 10,000ದಿಂದ ಭಾಗಿಸಿ, ಎರಡೂ ಒಂದೇ. ಹೊಸ ಸೂತ್ರದಲ್ಲಿ ತ್ರಿಜ್ಯಕ್ಕೆ 0.08 ಬದಲು 8 ಹಾಕಿದರೆ ಉತ್ತರ ನೂರು ಪಟ್ಟು ಕಡಿಮೆ ಬರುತ್ತದೆ. ನಿಮ್ಮ ಉತ್ತರ ಮತ್ತು ಪಕ್ಕದ ಬೆಂಚಿನವರ ಉತ್ತರದ ನಡುವೆ ನೂರರ ವ್ಯತ್ಯಾಸ ಇದ್ದರೆ ಮೊದಲು ಅಲ್ಲಿ ಹುಡುಕಿ, ಹತ್ತು ಸಾವಿರದ ವ್ಯತ್ಯಾಸ ಇದ್ದರೆ ಗಾಸ್ ಟೆಸ್ಲಾ ಅದಲುಬದಲಾಗಿದೆ.

ಲೆಕ್ಕಕ್ಕಿಂತ ಮುಂಚೆ ಮುಳ್ಳನ್ನು ನೋಡಿ. ಗಾಜಿನ ಮೇಲೆ ಉಗುರಿನಿಂದ ಮೆಲ್ಲಗೆ ತಟ್ಟಿ, ಕೆಳಗಿನ ಕನ್ನಡಿಯಲ್ಲಿ ಮುಳ್ಳಿನ ನೆರಳು ಮುಳ್ಳಿನಡಿಯೇ ಮರೆಯಾಗುವಂತೆ ಬಗ್ಗಿ ಓದಿ. ಒಮ್ಮೆ ಒಬ್ಬ ಹುಡುಗಿಗೆ ಎಷ್ಟು ಸಲ ಮಾಡಿದರೂ ಎರಡು ಕಡೆಯ ಓದು ಹೊಂದುತ್ತಿರಲಿಲ್ಲ. ಏಪ್ರನ್ ಜೇಬಿನಲ್ಲಿದ್ದ ಫೋನನ್ನು ಕಿಟಕಿಯ ಮೇಲಿಡಲು ಹೇಳಿದೆ. ಅವಳು ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದ ಹಾಗೇ ಮುಳ್ಳು ನಾಲ್ಕು ಡಿಗ್ರಿ ಸರಿದು ನಿಂತಿತು. ಫೋನಿನ ಸ್ಪೀಕರಿನಲ್ಲಿ ಮ್ಯಾಗ್ನೆಟ್ ಇರುತ್ತದೆ, ಮರೆಯಬೇಡಿ.

ಓರ್ಸ್ಟೆಡ್ಡೂ ಗಾಸೂ ಒಂದೇ ಅಂತ ಒಬ್ಬರು, ಬೇರೆ ಬೇರೆ ಅಂತ ಇನ್ನೊಬ್ಬರು ಹೇಳ್ತಾರೆ. ಯಾರನ್ನ ನಂಬೋದು?

ಬೇರೆ ಎನ್ನುವವರನ್ನು. ಓರ್ಸ್ಟೆಡ್ ಹೇಳುವುದು ಕರೆಂಟು ಹಾಕಿದ ಒತ್ತಾಯವನ್ನು, ಗಾಸ್ ಹೇಳುವುದು ಅದರಿಂದ ಆ ಜಾಗದಲ್ಲಿ ಎದ್ದ ಫ್ಲಕ್ಸ್ ಎಷ್ಟು ಒತ್ತಾಗಿದೆ ಎಂಬುದನ್ನು. ಗಾಳಿಯಲ್ಲಿ ಎರಡರ ಅಂಕಿ ಒಂದೇ ಬರುತ್ತದೆ: ಒಂದು ಓರ್ಸ್ಟೆಡ್ಡಿಗೆ ಒಂದು ಗಾಸ್. ಗೊಂದಲ ಹುಟ್ಟುವುದೇ ಅಲ್ಲಿ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದೊಳಗೆ ಹೋದರೆ ಕೆಲವೇ ಓರ್ಸ್ಟೆಡ್ಡಿಗೆ ಸಾವಿರಾರು ಗಾಸ್ ಎದ್ದಿರುತ್ತದೆ.

ಹೊಸ ಪದ್ಧತಿಯಲ್ಲಿ ಒಂದು ಓರ್ಸ್ಟೆಡ್ ಅಂದರೆ ಮೀಟರಿಗೆ 79.58 ಆಂಪಿಯರ್. ಅದನ್ನು ನೇರವಾಗಿ ಟೆಸ್ಲಾಗೆ ತಿರುಗಿಸುವುದು ಗಾಳಿಯಲ್ಲಿ ಮಾತ್ರ ಸರಿ, ಕಬ್ಬಿಣ ಬಂದರೆ ಎಷ್ಟು ಒತ್ತಾಯಕ್ಕೆ ಎಷ್ಟು ಫ್ಲಕ್ಸ್ ಡೆನ್ಸಿಟಿ ಎಂದು ತೋರಿಸುವ ಆ ಕಬ್ಬಿಣದ ವಕ್ರರೇಖೆ ಬೇಕೇ ಬೇಕು.

## ಅಂಗಡಿ, ಗಿರಣಿ, ಆಸ್ಪತ್ರೆ

ಮೇಷ್ಟ್ರೇ, ನಮ್ಮಪ್ಪನ ಕಾಲದ ವೈಂಡಿಂಗ್ ಪುಸ್ತಕದಲ್ಲಿ ಚದರ ಇಂಚಿಗೆ 65,000 ಲೈನ್ ಅಂತ ಬರೆದವ್ರೆ. ಇದನ್ನ ಟೆಸ್ಲಾ ಮಾಡೋದೆಂಗೆ?

ಎರಡು ಹೆಜ್ಜೆ. ಒಂದು ಚದರ ಇಂಚಿನಲ್ಲಿ 6.4516 ಚದರ ಸೆಂಟಿಮೀಟರ್ ಇದೆ. 65,000ನ್ನು ಅದರಿಂದ ಭಾಗಿಸಿದರೆ 10,075 ಗಾಸ್. ಮತ್ತೆ 10,000ದಿಂದ ಭಾಗಿಸಿ, ಸುಮಾರು 1.01 ಟೆಸ್ಲಾ.

ಇದರಿಂದ ಒಂದು ಸುಲಭದ ಗುರುತು ಸಿಗುತ್ತದೆ: ಚದರ ಇಂಚಿಗೆ 64,516 ಲೈನ್ ಅಂದರೆ ಸರಿಯಾಗಿ ಒಂದು ಟೆಸ್ಲಾ. 90,000 ಲೈನ್ ಇದ್ದರೆ ಸುಮಾರು 1.4 ಟೆಸ್ಲಾ, ಒಂದು ಲಕ್ಷ ಇದ್ದರೆ 1.55 ಟೆಸ್ಲಾ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ, ಪುಸ್ತಕ ಮಾತ್ರ ಎಸೆಯಬೇಡಿ.

ಏರಿಯಾದಿಂದ 7ನ್ನ ಭಾಗಿಸು ಅನ್ನೋ ಸೂತ್ರ ಇದೆಯಲ್ಲ, ಕೆಲವರು 7 ಅಂತಾರೆ, ಕೆಲವರು 45 ಅಂತಾರೆ. ಯಾವುದು ಹಿಡೀಬೇಕು?

ಒಂದು ವೋಲ್ಟಿಗೆ ಎಷ್ಟು ಸುತ್ತು ಎಂದು ಹೇಳುವ ಸೂತ್ರ ಇದು, ಎರಡೂ ಒಂದೇ. ಕೋರಿನ, ಅಂದರೆ ತಂತಿ ಸುತ್ತುವ ಕಬ್ಬಿಣದ ತಿರುಳಿನ, ವಿಸ್ತೀರ್ಣ ಚದರ ಇಂಚಿನಲ್ಲಿದ್ದರೆ 7, ಚದರ ಸೆಂಟಿಮೀಟರಿನಲ್ಲಿದ್ದರೆ 45. ನಮ್ಮ 50 ಹರ್ಟ್ಸ್ ಕರೆಂಟಿಗೆ 10,000 ಗಾಸ್, ಅಂದರೆ ಒಂದು ಟೆಸ್ಲಾ ಹಿಡಿದು ಲೆಕ್ಕ ಹಾಕಿದಾಗ ಬರುವ ಅಂಕಿಗಳು ಇವು. 10 ಕೋಟಿಯನ್ನು 4.44 × 50 × 10,000ದಿಂದ ಭಾಗಿಸಿ ನೋಡಿ, 45 ಬರುತ್ತದೆ. ಅದನ್ನು 6.4516ರಿಂದ ಭಾಗಿಸಿದರೆ 7.

ಇದನ್ನು ನಾನು ಕಲಿತದ್ದು ಕೆಡಿಸಿಕೊಂಡು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲ್ಯಾಬಿನ ಬ್ಯಾಟರಿ ಚಾರ್ಜರಿಗೆ ಟ್ರಾನ್ಸ್‌ಫಾರ್ಮರ್ ಸುತ್ತಲು ಕೂತೆ. ಸ್ಟ್ಯಾಂಪಿಂಗಿನ (ಕೋರಿನ ತೆಳು ಕಬ್ಬಿಣದ ಹಾಳೆಯ) ನಡುಕಾಲು ಒಂದೂಕಾಲು ಇಂಚು ಅಗಲ, ಜೋಡಿಸಿದ ದಪ್ಪವೂ ಒಂದೂಕಾಲು ಇಂಚು. ವಿಸ್ತೀರ್ಣ 1.56 ಚದರ ಇಂಚು. ನನ್ನ ಕೈಯಲ್ಲಿದ್ದದ್ದು ಸೆಂಟಿಮೀಟರ್ ಸ್ಕೇಲು, ಅಳೆದಾಗ ಸುಮಾರು 10 ಚದರ ಸೆಂಟಿಮೀಟರ್ ಬಂತು. ಬಾಯಿಪಾಠ ಇದ್ದದ್ದು 7. ಏಳನ್ನು ಹತ್ತರಿಂದ ಭಾಗಿಸಿ ವೋಲ್ಟಿಗೆ 0.7 ಸುತ್ತು ಎಂದುಕೊಂಡು 230 ವೋಲ್ಟಿಗೆ 160 ಸುತ್ತು ಸುತ್ತಿದೆ. ಬಾಬಿನ್ ಅರ್ಧಕ್ಕರ್ಧ ಖಾಲಿ ಉಳಿದದ್ದು ನೋಡಿಯೂ ಅನುಮಾನ ಬರಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಗುಂಯ್ ಎಂದು ಮೇಜೇ ನಡುಗಿತು, ಫ್ಯೂಸ್ ಹೋಯಿತು, ಎನಾಮಲ್ ಸುಟ್ಟ ವಾಸನೆ ಸಂಜೆಯವರೆಗೂ ಉಳಿಯಿತು.

ಸರಿಯಾದ ಲೆಕ್ಕ ಹೀಗೆ: 7 ÷ 1.56, ಅಂದರೆ ವೋಲ್ಟಿಗೆ ಸುಮಾರು ನಾಲ್ಕೂವರೆ ಸುತ್ತು, 230 ವೋಲ್ಟಿಗೆ 1,030 ಸುತ್ತು. ನಾನು ಸುತ್ತಿದ 160ಕ್ಕೆ ಫ್ಲಕ್ಸ್ ಡೆನ್ಸಿಟಿ ಲೆಕ್ಕ ಹಾಕಿದರೆ ಆರೂವರೆ ಟೆಸ್ಲಾದ ಹತ್ತಿರ ಹೋಗುತ್ತದೆ. ಸಿಲಿಕಾನ್ ಸ್ಟೀಲ್ ಎರಡು ಟೆಸ್ಲಾ ಹತ್ತಿರಕ್ಕೇ ತುಂಬಿಹೋಗುತ್ತದೆ, ಅಲ್ಲಿಂದಾಚೆಗೆ ಕೋರು ತಡೆಯುವುದನ್ನು ಬಿಡುತ್ತದೆ, ಕರೆಂಟು ನುಗ್ಗುತ್ತದೆ. ಹಾಗಾಗಿ ಕೋರಿನ ಲೆಕ್ಕದಲ್ಲಿ 2 ಟೆಸ್ಲಾಗಿಂತ ಹೆಚ್ಚು, ಅಂದರೆ 20,000 ಗಾಸ್‌ಗಿಂತ ಹೆಚ್ಚು ಬಂದರೆ ತಂತಿ ಮುಟ್ಟುವ ಮುಂಚೆ ಮಾನಗಳನ್ನು ಮತ್ತೆ ನೋಡಿ. ಹೊಸದಾಗಿ ಸುತ್ತಿದ್ದಕ್ಕೆ ಮೊದಲ ಸಲ ಕರೆಂಟು ಕೊಡುವಾಗ ಸೀರೀಸ್‌ನಲ್ಲಿ 100 ವಾಟ್ ಬಲ್ಬ್ ಇಡಿ. ಬಲ್ಬ್ ಪೂರ್ತಿ ಬೆಳಗಿತೋ, ಸುತ್ತು ಸಾಲದು ಅಥವಾ ಎಲ್ಲೋ ಶಾರ್ಟ್ ಆಗಿದೆ.

ಅಕ್ಕಿ ಮಿಲ್ಲಿಗೆ 12,000 ಗಾಸ್ ಮ್ಯಾಗ್ನೆಟ್ ಅಂತ ದುಡ್ಡು ಇಸ್ಕೊಂಡ್ರು. ಮೀಟರ್ ಇಟ್ರೆ ಅಷ್ಟು ಬರ್ತಾ ಇಲ್ಲ. ಮೋಸ ಅಲ್ವಾ?

ಮೋಸ ಎಂದು ತೀರ್ಮಾನಿಸುವ ಮುಂಚೆ ಆ 12,000 ಎಲ್ಲಿಯದು ಎಂದು ಕೇಳಿ. 1.2 ಟೆಸ್ಲಾ ಎಂಬುದು ನಿಯೊಡಿಮಿಯಮ್ ಮ್ಯಾಗ್ನೆಟ್ ವಸ್ತುವಿನ ಒಳಗೆ ಉಳಿದಿರುವ ಫ್ಲಕ್ಸ್ ಡೆನ್ಸಿಟಿಯ ಅಂಕಿ ಆಗಿರಬಹುದು. ಅದೇ ಮ್ಯಾಗ್ನೆಟ್ಟನ್ನು ಬಿಡಿಯಾಗಿ ಮೇಜಿನ ಮೇಲಿಟ್ಟು ಮೇಲ್ಮೈಯಲ್ಲಿ ಅಳೆದರೆ ಅದರ ಅರ್ಧಕ್ಕಿಂತ ಕಡಿಮೆ ಬರುವುದು ಸಾಮಾನ್ಯ. ಕಂಬಿಯ ಆಕಾರದ ಮ್ಯಾಗ್ನೆಟ್ಟಿನಲ್ಲಿ ಧ್ರುವಗಳು ಪಟ್ಟಿಪಟ್ಟಿಯಾಗಿ ಇರುತ್ತವೆ, ಅಂಕಿ ಏರುವುದು ಆ ಪಟ್ಟಿಯ ಮೇಲೆ ಮಾತ್ರ. ಪ್ರೋಬ್ ಅರ್ಧ ಬೆರಳು ಸರಿದರೂ, ಒಂದೆರಡು ಮಿಲಿಮೀಟರ್ ಮೇಲಕ್ಕೆ ಎತ್ತಿದರೂ ತಟ್ಟನೆ ಬೀಳುತ್ತದೆ.

ಮುಂದಿನ ಸಲ ಕೊಳ್ಳುವಾಗ ಬಿಲ್ಲಿನಲ್ಲಿ ‘ಕಂಬಿಯ ಮೇಲ್ಮೈಯಲ್ಲಿ ಅಳೆದಾಗ ಇಷ್ಟು’ ಎಂದು ಬರೆಸಿಕೊಳ್ಳಿ. ಬಿಸಿಯ ವಿಷಯವನ್ನೂ ಕೇಳಿ. ಸಾಮಾನ್ಯ ದರ್ಜೆಯ ನಿಯೊಡಿಮಿಯಮ್ ಸುಮಾರು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ, ತಣ್ಣಗಾದ ಮೇಲೂ ಪೂರ್ತಿ ಮರಳುವುದಿಲ್ಲ.

ಎಂಆರ್‌ಐ ರೂಮಿನ ಹತ್ರ ‘5 ಗಾಸ್’ ಅಂತ ಗೆರೆ ಎಳೆದಿದ್ರು, ಒಳಗಿನ ಮಿಷನ್ ಮೇಲೆ 1.5 ಟೆಸ್ಲಾ ಅಂತಿತ್ತು. ಎರಡಕ್ಕೂ ಏನು ಸಂಬಂಧ?

ಯಂತ್ರದ ನಡುವೆ 15,000 ಗಾಸ್. ದೂರ ಹೋದಂತೆ ಇಳಿಯುತ್ತ ಬಂದು ಆ ಗೆರೆಯ ಹತ್ತಿರ 5 ಗಾಸ್, ಅಂದರೆ 0.5 ಮಿಲಿಟೆಸ್ಲಾ ಆಗುತ್ತದೆ. ನಡುವಿನದಕ್ಕಿಂತ 3,000 ಪಟ್ಟು ಕಡಿಮೆ, ಆದರೂ ನಮ್ಮ ಭೂಮಿಯದಕ್ಕಿಂತ ಹನ್ನೆರಡು ಪಟ್ಟು ಹೆಚ್ಚು. ಪೇಸ್‌ಮೇಕರ್ ಹಾಕಿಸಿಕೊಂಡವರು ಅಲ್ಲಿನ ಸಿಬ್ಬಂದಿಗೆ ಹೇಳದೆ ಆ ಗೆರೆ ದಾಟಬಾರದು. ಇತ್ತೀಚಿನ ಅಂತರರಾಷ್ಟ್ರೀಯ ಮಾನದಂಡ ಈ ಗೆರೆಯನ್ನು 9 ಗಾಸ್‌ಗೆ, 0.9 ಮಿಲಿಟೆಸ್ಲಾಗೆ ಬದಲಿಸಿದೆ, ಹಾಗಾಗಿ ಎರಡೂ ಬಗೆಯ ಫಲಕಗಳು ಕಾಣಸಿಗಬಹುದು. ಮನೆಯ ಹಿರಿಯರನ್ನು ಸ್ಕ್ಯಾನಿಂಗಿಗೆ ಕರೆದೊಯ್ಯುವವರು ಈ ಗೆರೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ನಮ್ಮ ಕಬ್ಬಿನ ಗದ್ದೆ ಮೇಲೆ ಹೈಟೆನ್ಷನ್ ಲೈನ್ ಹೋಗಿದೆ. ಯಾರೋ ಅಳೆದು 20 ಅಂದ್ರು. ಭಯ ಪಡಬೇಕಾ?

20 ಏನು ಎಂದು ಕೇಳಿದಿರಾ? ಇಂಥ ಮೀಟರುಗಳು ಸಾಮಾನ್ಯವಾಗಿ ಮಿಲಿಗಾಸ್ ತೋರಿಸುತ್ತವೆ. 20 ಮಿಲಿಗಾಸ್ ಅಂದರೆ 2 ಮೈಕ್ರೊಟೆಸ್ಲಾ. 50 ಹರ್ಟ್ಸ್‌ಗೆ ಸಾರ್ವಜನಿಕರ ವಿಷಯದಲ್ಲಿ ಅಂತರರಾಷ್ಟ್ರೀಯ ಅಯಾನೀಕರಿಸದ ವಿಕಿರಣ ರಕ್ಷಣಾ ಆಯೋಗ 1998ರಲ್ಲಿ ಕೊಟ್ಟ ಮಿತಿ 100 ಮೈಕ್ರೊಟೆಸ್ಲಾ, 2010ರಲ್ಲಿ ಅದು 200 ಆಯಿತು. ಮಿಲಿಗಾಸ್‌ನಲ್ಲಿ ಹೇಳಿದರೆ 1,000 ಮತ್ತು 2,000. ನಿಮ್ಮ ಗದ್ದೆಯ ಅಂಕಿ ಹಳೆಯ ಮಿತಿಯ ಐವತ್ತರಲ್ಲಿ ಒಂದು ಪಾಲು. ಆ ಲೈನಿನ ಕೆಳಗೆ ನಿಜವಾಗಿ ಜೀವ ತೆಗೆಯುವುದು ಜೋತುಬಿದ್ದ ತಂತಿ, ಅದರ ಹತ್ತಿರ ಎತ್ತಿದ ಕಬ್ಬಿಣದ ಪೈಪು. ಆ ಭಯ ಇಟ್ಟುಕೊಳ್ಳಿ.

## ಸ್ವಲ್ಪ ಆಳಕ್ಕೆ

4.44 ಸೂತ್ರದಲ್ಲಿ ಹಾಕಿದ ಟೆಸ್ಲಾಗೂ ಎಸಿ ಮೀಟರ್ ತೋರಿಸೋ ಟೆಸ್ಲಾಗೂ ಯಾಕೆ ಹೊಂದಲ್ಲ?

ವೋಲ್ಟಿಗೆ ಎಷ್ಟು ಸುತ್ತು ಎಂದು ಮೇಲೆ ಲೆಕ್ಕ ಹಾಕಿದ ಆ 4.44ರ ಸೂತ್ರದಲ್ಲಿರುವುದು ಅಲೆಯ ಶಿಖರದ ಬೆಲೆ. ಎಸಿ ಮೀಟರು ಹೆಚ್ಚಾಗಿ ಪರಿಣಾಮಕಾರಿ ಬೆಲೆ ತೋರಿಸುತ್ತದೆ, ಅಂದರೆ ಆರ್‌ಎಂಎಸ್. ಸೈನ್ ಅಲೆಗೆ ಎರಡರ ನಡುವೆ 1.414 ಪಟ್ಟು ಅಂತರ: ಶಿಖರ 1.5 ಟೆಸ್ಲಾ ಇದ್ದರೆ ಆರ್‌ಎಂಎಸ್ 1.06. ಗಾಸ್‌ನಲ್ಲೂ ಇದೇ ಅನುಪಾತ. ಜೊತೆಗೆ ಸ್ಟ್ಯಾಂಪಿಂಗುಗಳ ಮೇಲಿನ ನಿರೋಧಕ ಲೇಪದಿಂದ ಅಳೆದ ವಿಸ್ತೀರ್ಣದಲ್ಲಿ ನಿಜವಾದ ಕಬ್ಬಿಣ ಶೇ. 90ರಿಂದ 95 ಮಾತ್ರ.

ಹಳೇ ಭೂವಿಜ್ಞಾನದ ನಕ್ಷೇಲಿ ‘ಗಾಮಾ’ ಅಂತ ಇದೆ. ಅದೇನು?

ಒಂದು ಗಾಮಾ ಅಂದರೆ ಒಂದು ನ್ಯಾನೊಟೆಸ್ಲಾ, ಗಾಸ್‌ನ ಲಕ್ಷದಲ್ಲಿ ಒಂದು ಪಾಲು. ಅಂಕಿ ಬದಲಿಸಬೇಕಿಲ್ಲ, ಹೆಸರು ಬದಲಿಸಿದರೆ ಸಾಕು. ನಮ್ಮಲ್ಲಿನ ಭೂಮಿಯ ಕ್ಷೇತ್ರ ಆ ಲೆಕ್ಕದಲ್ಲಿ ಸುಮಾರು 40,000 ಗಾಮಾ.

ಮ್ಯಾಗ್ನೆಟ್ ದರ್ಜೆ 35, 52 ಅಂತ ಬರ್ತದಲ್ಲ, ಅದು ಕಿಲೋಗಾಸಾ?

ಅಲ್ಲ. ಅದು ಗಾಸ್ ಮತ್ತು ಓರ್ಸ್ಟೆಡ್ ಎರಡನ್ನೂ ಗುಣಿಸಿದ ಶಕ್ತಿಯ ಅಂಕಿ, ಮಾನ ಮೆಗಾ ಗಾಸ್ ಓರ್ಸ್ಟೆಡ್. ಅಂಥ ಒಂದಕ್ಕೆ ಹೊಸ ಪದ್ಧತಿಯಲ್ಲಿ ಘನ ಮೀಟರಿಗೆ 7.96 ಕಿಲೋಜೌಲ್. 35ರ ದರ್ಜೆಗೆ ಸುಮಾರು 279, 52ಕ್ಕೆ ಸುಮಾರು 414. ಹತ್ತು ಸಾವಿರದ ನಿಯಮವನ್ನು ಇಲ್ಲಿ ಹಾಕಿದರೆ ಅರ್ಥವಿಲ್ಲದ ಉತ್ತರ ಬರುತ್ತದೆ. ಹಾಗೇ, ಚಿಕ್ಕ ಎಂ ಅಂದರೆ ಮಿಲಿ, ದೊಡ್ಡ ಎಂ ಅಂದರೆ ಮೆಗಾ. ಕೋಷ್ಟಕ ನಕಲು ಮಾಡುವಾಗ ಈ ಅಕ್ಷರ ತಪ್ಪಿದರೆ ಶತಕೋಟಿ ಪಟ್ಟು ವ್ಯತ್ಯಾಸ.

2019ರಲ್ಲಿ ಮಾನಗಳ ವ್ಯಾಖ್ಯೆ ಬದಲಾಯ್ತಂತಲ್ಲ ಸಾರ್, ಈಗಲೂ 10,000 ಸರಿಯಾ?

ಆಳವಾಗಿ ಓದಿದವರು ಕೇಳುವ ಪ್ರಶ್ನೆ ಇದು, ಕೇಳಿದಾಗಲೆಲ್ಲ ನನಗೆ ಸಂತೋಷ. 2019ರ ಮೇ 20ರಿಂದ ಆಂಪಿಯರನ್ನು ಎಲೆಕ್ಟ್ರಾನಿನ ವಿದ್ಯುದಾವೇಶದ ಮೇಲೆ ನಿಲ್ಲಿಸಿದರು. ಅಲ್ಲಿಯವರೆಗೆ ನಿರ್ವಾತದ ಕಾಂತಪಾರಕತೆ 4 ಪೈ × 10⁻⁷ (ಗ್ಯಾಲ್ವನೋಮೀಟರ್ ಲೆಕ್ಕದಲ್ಲಿ ಬಂದ 12.566 × 10⁻⁷ ಇದೇ) ಎಂದು ವ್ಯಾಖ್ಯೆಯಿಂದಲೇ ನಿಖರವಾಗಿತ್ತು. ಈಗ ಅದನ್ನು ಅಳೆದು ತಿಳಿಯಬೇಕು. ಹಳೆಯ ಪದ್ಧತಿಗೂ ಹೊಸದಕ್ಕೂ ಇರುವ ಕೊಂಡಿಯಲ್ಲಿ ಆ ಸಂಖ್ಯೆ ಸೇರಿಕೊಂಡಿರುವುದರಿಂದ, ಕಟ್ಟುನಿಟ್ಟಾಗಿ ಹೇಳಿದರೆ 10,000 ಈಗ ವ್ಯಾಖ್ಯೆಯಿಂದ ಬಂದ ನಿಖರ ಸಂಖ್ಯೆಯಲ್ಲ. ಎರಡು ಪದ್ಧತಿಗಳಲ್ಲಿ ಈ ರಾಶಿಯ ಆಯಾಮವೂ ಬೇರೆ, ಆದ್ದರಿಂದ ‘ಸಮ’ ಅನ್ನುವುದಕ್ಕಿಂತ ‘ಹೊಂದುತ್ತದೆ’ ಅನ್ನುವುದು ಹೆಚ್ಚು ಸರಿ.

ಆ ಅನಿಶ್ಚಿತತೆ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಬಹಳ ಚಿಕ್ಕದು. ನಮ್ಮ ಗ್ಯಾಲ್ವನೋಮೀಟರಿನ ಮುಳ್ಳನ್ನು ಅರ್ಧ ಡಿಗ್ರಿಗಿಂತ ಸೂಕ್ಷ್ಮವಾಗಿ ಓದಲಾಗದು, ಒಳ್ಳೆಯ ಗಾಸ್ ಮೀಟರಿನಲ್ಲೂ ಶೇಕಡಾ ಒಂದರ ಆಸುಪಾಸಿನ ತಪ್ಪು ಇರುತ್ತದೆ. 0.38 ಗಾಸ್ ಎಂದು ಓದಿದ್ದರೆ 38 ಮೈಕ್ರೊಟೆಸ್ಲಾ ಎಂದು ಬರೆಯಿರಿ. 38.000 ಎಂದು ಬರೆದರೆ ನೀವು ಅಳೆಯದ ಮೂರು ಅಂಕಿಗಳನ್ನು ಸೇರಿಸಿದಂತಾಗುತ್ತದೆ, ಅವಕ್ಕೆ ನಾನು ಅಂಕ ಕೊಡಲಾರೆ.